ಎಲೆ ಬಾಡದ ಹಾಗೆ ಉಳಿಸ್ಕೊಳ್ಳೋದು ಹೇಗೆ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಎಲೆ ಬಗ್ಗೆ ಮಾತಾಡೋಣ, ಅಂದ್ರೆ ಮರದ ಎಲೆಯನ್ನ ಚಿತ್ರಕ್ಕೆ, ಗ್ರೀಟಿಂಗ್ ಕಾರ್ಡಿಗೆ, ಮಕ್ಕಳ ಸ್ಕೂಲ್ ಪ್ರಾಜೆಕ್ಟಿಗೆ ಬಳಸೋ ಹಾಗೆ ವರ್ಷಗಟ್ಟಲೆ ಉಳಿಸ್ಕೊಳ್ಳೋದು ಹೇಗೆ ಅಂತ. ಮಕ್ಕಳು ಹಸಿ ಎಲೆ ಕಿತ್ಕೊಂಡು ಬಂದು ನೇರ ಗಮ್ ಹಚ್ಚಿ ಅಂಟಿಸಿಬಿಡ್ತಾರೆ, ನಾಲ್ಕು ದಿನಕ್ಕೆ ಅದು ಮುದುರಿ, ಕಪ್ಪಾಗಿ, ಅಂಚೆಲ್ಲ ಎದ್ದು ಬರತ್ತೆ, ಮಳೆಗಾಲ ಆದ್ರಂತೂ ಬೂಷ್ಟು ಬೇರೆ. ಇದಕ್ಕೆಲ್ಲ ಕಾರಣ ಎಲೆಯೊಳಗಿರೋ ನೀರು. ಆ ನೀರನ್ನ ನಾವು ಏನು ಮಾಡ್ತೀವಿ ಅನ್ನೋದರ ಮೇಲೇ ಎಲೆ ಉಳಿಯತ್ತೋ ಇಲ್ವೋ ಅನ್ನೋದು ನಿಂತಿದೆ.

ನೀರು ತೆಗೆಯೋದು ಎಲ್ಲರಿಗೂ ಗೊತ್ತು, ಪುಸ್ತಕದ ಮಧ್ಯೆ ಇಟ್ಟು ಒತ್ತೋದು. ಆದ್ರೆ ನುಣುಪು ಕಾಗದದ ಮ್ಯಾಗಜೀನಲ್ಲಿ ಇಟ್ರೆ ಅದು ನೀರು ಹೀರೋದೇ ಇಲ್ಲ, ಹಳೇ ನ್ಯೂಸ್ ಪೇಪರ್ರೇ ಬೇಕು, ಮೊದಲ ನಾಲ್ಕೈದು ದಿನ ದಿನಾ ಪೇಪರ್ ಬದಲಾಯಿಸ್ಬೇಕು, ಮೇಲೆ ಭಾರ ಇಡಬೇಕು. ಬೇಗ ಒಣಗಿದಷ್ಟೂ ಹಸಿರು ಚೆನ್ನಾಗಿ ಉಳಿಯತ್ತೆ, ನಿಧಾನ ಆದ್ರೆ ಕಂದು ಬಣ್ಣಕ್ಕೆ ತಿರುಗತ್ತೆ. ಗಿಡದ ಮೇಲೆ ಇಬ್ಬನಿ ಇರೋವಾಗ ಕೀಳಬೇಡಿ, ಬಿಸಿಲು ಬಂದು ಒಣಗಿದ ಮೇಲೆ ಕೀಳಿ. ಬಾಟನಿಯವರು ಹರ್ಬೇರಿಯಂಗೆ, ಅಂದ್ರೆ ಒಣಗಿಸಿದ ಗಿಡಗಳ ಸಂಗ್ರಹಕ್ಕೆ, ಮಾಡೋದೂ ಇದನ್ನೇ, ಗಿಡಗಳಿಗೆ ಎರಡು ಪದದ ವೈಜ್ಞಾನಿಕ ಹೆಸರಿಡೋ ಪದ್ಧತಿ ತಂದ ಲಿನೇಯಸ್ 18ನೇ ಶತಮಾನದಲ್ಲಿ ಇಟ್ಕೊಂಡಿದ್ದ ಒಣಗಿಸಿದ ಗಿಡಗಳು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇವತ್ತಿಗೂ ಇವೆ. ಒತ್ತೋದಕ್ಕೆ ನನಗಂತೂ ಜರಿಗಿಡದ ಎಲೆ, ಬೆನ್ನು ಬೆಳ್ಳಿ ಥರ ಹೊಳೆಯೋ ಸಿಲ್ವರ್ ಓಕ್ ಎಲೆ, ಆಮೇಲೆ ಉದುರೋಕೆ ಮುಂಚೆ ಕೆಂಪಾಗತ್ತಲ್ಲ ಆ ಕಾಡು ಬಾದಾಮಿ ಎಲೆ, ಇವು ಬಹಳ ಇಷ್ಟ.

ಎರಡನೇದು ಗ್ಲಿಸರಿನ್. ಮೆಡಿಕಲ್ ಶಾಪಲ್ಲಿ ಸಿಗತ್ತೆ, ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ನೀರು ಬೆರೆಸಿ, ಎಲೆ ಪೂರ್ತಿ ಮುಳುಗೋ ಹಾಗೆ ಕೆಲವು ದಿನ ಇಟ್ರೆ ನೀರಿದ್ದ ಜಾಗಕ್ಕೆ ಗ್ಲಿಸರಿನ್ ಹೋಗಿ ಕೂತ್ಕೊಳ್ಳತ್ತೆ, ಎಲೆ ಬಗ್ಗಿಸಿದ್ರೂ ಮುರಿಯಲ್ಲ. ಹಲಸು, ಮಾವಿನಂಥ ದಪ್ಪ ಎಲೆಗೆ ಒಳ್ಳೇದು. ಬಣ್ಣ ಮಾತ್ರ ಸ್ವಲ್ಪ ಮಂಕಾಗತ್ತೆ, ಮತ್ತೆ ಗ್ಲಿಸರಿನ್ ಗಾಳಿಯ ತೇವ ಎಳ್ಕೊಳ್ಳೋದ್ರಿಂದ ಕಾಗದಕ್ಕೆ ಅಂಟಿಸೋ ಕೆಲಸಕ್ಕೆ ಬೇಡ, ಮಾಲೆ, ಬಾಗಿಲ ಅಲಂಕಾರ ಇಂಥದ್ದಕ್ಕೆ ಇಟ್ಕೊಳ್ಳಿ.

ನಮ್ಮಲ್ಲಿ ಇದರ ದೊಡ್ಡ ಪರಂಪರೆನೇ ಇದೆ ಕಣ್ರೀ, ತಾಳೆಗರಿ. ಗರಿಯನ್ನ ಬೇಯಿಸಿ, ಒಣಗಿಸಿ, ನುಣುಪು ಮಾಡಿ, ಕಂಟ ಅನ್ನೋ ಚೂಪು ಲೋಹದ ಕಡ್ಡಿಯಿಂದ ಅಕ್ಷರ ಕೊರೆದು, ಮಸಿ ತುಂಬಿ, ಆಮೇಲೂ ಆಗಾಗ ಎಣ್ಣೆ ಸವರ್ತಾ ಇದ್ರು, ಗರಿ ಒಣಗಿ ಮುರೀಬಾರ್ದು, ಹುಳ ಹಿಡೀಬಾರ್ದು ಅಂತ. ಈಗ್ಲೂ ಹಸ್ತಪ್ರತಿ ನೋಡ್ಕೊಳ್ಳೋರು ಮಜ್ಜಿಗೆಹುಲ್ಲಿನ ಎಣ್ಣೆ ಬಳಸ್ತಾರೆ. ಮೈಸೂರಿನಲ್ಲಿ ಸಂಸ್ಕೃತ ವಿದ್ವಾಂಸ ಆರ್. ಶಾಮಾಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದೂ ಗ್ರಂಥಲಿಪಿಯ, ಅಂದ್ರೆ ದಕ್ಷಿಣದಲ್ಲಿ ಸಂಸ್ಕೃತ ಬರೆಯೋಕೆ ಬಳಸ್ತಿದ್ದ ಲಿಪಿಯ, ಓಲೆಗರಿಯಲ್ಲೇ, 1909ರಲ್ಲಿ ಅದು ಅಚ್ಚಾಯ್ತು. ಒಂದು ಎಲೆ ಜೋಪಾನ ಮಾಡಿದ್ದಕ್ಕೆ ಎಂಥಾ ಪುಸ್ತಕ ಉಳೀತು ನೋಡಿ.

ಈಗ ಅರಳಿ ಎಲೆಗೆ ಬರ್ತೀನಿ, ನಾನು ಮುಖ್ಯವಾಗಿ ಹೇಳ್ಬೇಕು ಅಂದ್ಕೊಂಡಿದ್ದೇ ಇದನ್ನ. ಇಲ್ಲಿ ನೀರು ತೆಗೆಯೋದಿಲ್ಲ, ನೀರಿಗೇ ಕೆಲಸ ಕೊಡೋದು. ಚೆನ್ನಾಗಿ ಬಲಿತ, ಹುಳ ತಿನ್ನದ ಎಲೆ ಆರಿಸ್ಕೊಳ್ಳಿ, ಎಳೆ ಎಲೆಯಲ್ಲಿ ನರ ಗಟ್ಟಿ ಇರಲ್ಲ. ಬಕೆಟ್ಟಲ್ಲಿ ನೀರು ತುಂಬಿ ಎಲೆ ಮುಳುಗಿಸಿ, ಮೇಲೊಂದು ತಟ್ಟೆ ಹೇರಿ ಎರಡು ಮೂರು ವಾರ ಬಿಡಿ. ನೀರಲ್ಲಿರೋ ಬ್ಯಾಕ್ಟೀರಿಯಾ ಎಲೆಯ ಮೆತ್ತಗಿನ ಭಾಗವನ್ನ ಕೊಳೆಸ್ತವೆ, ನರದಲ್ಲಿ ಲಿಗ್ನಿನ್ ಅನ್ನೋ, ಮರಕ್ಕೆ ಗಟ್ಟಿತನ ಕೊಡೋ ವಸ್ತು ಇರೋದ್ರಿಂದ ಅದು ಬೇಗ ಕೊಳೆಯಲ್ಲ. ವಾಸನೆ ಜೋರಾಗೇ ಬರತ್ತೆ, ಬಕೆಟ್ಟು ಹಿತ್ತಲಲ್ಲಿ ಇರಲಿ, ಮಧ್ಯೆ ಮಧ್ಯೆ ನೀರು ಬದಲಾಯಿಸಿ. ಎಲೆ ಜಾರಲು ಜಾರಲು ಆದಾಗ ಒಂದು ಅಗಲ ತಟ್ಟೆಯಲ್ಲಿ ನೀರು ಹಾಕಿ, ಎಲೆ ಅದರೊಳಗೇ ಇಟ್ಕೊಂಡು, ಮೆತ್ತನೆ ಟೂತ್‌ಬ್ರಶ್ಶಲ್ಲಿ ನಡುನರದಿಂದ ಅಂಚಿನ ಕಡೆ ಹಗುರವಾಗಿ ಉಜ್ಜಿ. ಹಸಿರು ಸಿಪ್ಪೆ ಚೂರು ಚೂರಾಗಿ ಬಿಟ್ಕೊಳ್ಳತ್ತೆ, ಕೆಳಗಿಂದ ಸೊಳ್ಳೆ ಪರದೆ ಥರ ಸಣ್ಣ ಸಣ್ಣ ಕಣ್ಣಿನ ಜಾಲರಿ ಕಾಣ್ಸತ್ತೆ, ಪಕ್ಕದ ನರಗಳೆಲ್ಲ ಅಂಚಿನ ಹತ್ತಿರ ಬಂದು ಒಂದಕ್ಕೊಂದು ಸೇರ್ಕೊಂಡಿರೋದು, ತುದಿಯ ಆ ಉದ್ದ ಬಾಲ, ಎಲ್ಲ ಸ್ಪಷ್ಟ. ಬಾಲದ ಹತ್ತಿರ ಬ್ರಶ್ ಬೇಡ, ಬೆರಳಲ್ಲೇ ಉಜ್ಜಿ, ಅದು ಬೇಗ ಹರಿಯತ್ತೆ.

ಅಷ್ಟು ದಿನ ಕಾಯೋಕೆ ಆಗಲ್ಲ ಅನ್ನೋರು ವಾಷಿಂಗ್ ಸೋಡಾ ಹಾಕಿ ಒಂದೆರಡು ಗಂಟೆ ಸಣ್ಣ ಉರಿಯಲ್ಲಿ ಕುದಿಸ್ತಾರೆ. ಅಡುಗೆ ಸೋಡಾ ಅಲ್ಲ, ಬಟ್ಟೆ ಒಗೆಯೋ ಸೋಡಾ. ಪಾತ್ರೆ ಸ್ಟೀಲಿಂದೇ ಆಗ್ಬೇಕು, ಅಲ್ಯೂಮಿನಿಯಂ ಆದ್ರೆ ಸೋಡಾ ಅದನ್ನೇ ತಿನ್ನತ್ತೆ, ಮತ್ತೆ ಆ ಪಾತ್ರೆ ಅಡುಗೆಗೆ ಬೇಡ, ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಮಕ್ಕಳನ್ನ ಒಲೆ ಹತ್ತಿರ ಬಿಡಬೇಡಿ. ನಾನಾದ್ರೆ ಬಕೆಟ್ಟಿನ ದಾರಿಯನ್ನೇ ಹೇಳ್ತೀನಿ, ಜಾಲರಿ ಹರಿಯೋದು ಕಡಿಮೆ.

ತೊಳೆದ ಜಾಲರಿಯನ್ನ ಪೇಪರ್ ಮಧ್ಯೆ ಇಟ್ಟು ಒಣಗಿಸಿದ್ರೆ ಆಯ್ತು, ಅದರ ಮೇಲೆ ಪೋಸ್ಟರ್ ಕಲರ್, ಆಕ್ರಿಲಿಕ್ ಎರಡೂ ಕೂರತ್ತೆ, ಬಣ್ಣ ಮಾತ್ರ ಗಟ್ಟಿಯಾಗಿರಲಿ, ತೆಳ್ಳಗಾದ್ರೆ ಕಣ್ಣುಗಳಿಂದ ಇಳಿದುಹೋಗತ್ತೆ. ಫ್ರೇಮ್ ಹಾಕ್ಸೋವಾಗ ಗಾಜು ಎಲೆಗೆ ತಾಗದ ಹಾಗೆ ಸುತ್ತ ದಪ್ಪ ರಟ್ಟಿನ ಅಂಚು ಕೊಡೋಕೆ ಹೇಳಿ, ಕಿಟಕಿ ಎದುರು ನೇತು ಹಾಕ್ಬೇಡಿ, ಬಿಸಿಲಿಗೆ ಬಣ್ಣ ಹೋಗತ್ತೆ. ಹಿಂದೆ ಯಾವ ಮರ, ಯಾವ ಊರು, ಯಾವ ತಿಂಗಳು ಅಂತ ಪೆನ್ಸಿಲಲ್ಲಿ ಬರೆದಿಡಿ, ಪೆನ್ನಿನ ಇಂಕು ತೇವಕ್ಕೆ ಹರಡಿ ಮುಂದಕ್ಕೆ ಬಂದುಬಿಡತ್ತೆ. ನಮಸ್ಕಾರ.