ಆರು ವರ್ಕರ್ ಇಟ್ಟರೂ ಓಡಿದ್ದು ಹದಿನಾರೇ ಟಾಸ್ಕ್

ಬೆಳಗ್ಗೆ ಐದೂವರೆ. ಹೊರಗೆ ಇನ್ನೂ ಕತ್ತಲು. ಸ್ಕ್ರೀನ್ ಮೇಲೆ ಕಾಣುತ್ತಿರುವುದು ಏರ್‌ಫ್ಲೋ, ಕೆಲಸಗಳನ್ನು ಹೊತ್ತಿಗೆ ಸರಿಯಾಗಿ, ಸರದಿಯಂತೆ ಓಡಿಸುವ ಸಾಫ್ಟ್‌ವೇರ್. ರಾತ್ರಿ ಬಂದು ಬಿದ್ದ ಫೈಲ್‌ಗಳನ್ನೆಲ್ಲ ಓದಿ, ಸರಿಮಾಡಿ, ಟೇಬಲ್‌ಗೆ ತುಂಬುವ ಕೆಲಸ ಇದರದ್ದು. ಎಂಟು ಗಂಟೆಯೊಳಗೆ ಮುಗಿದಿರಬೇಕು.

ಹಿಂದೆ ಒಂದಷ್ಟು ದಿನ ಮುಗಿಯುತ್ತಲೇ ಇರಲಿಲ್ಲ. ಏರ್‌ಫ್ಲೋದಲ್ಲಿ ಒಂದೊಂದು ಬಿಡಿ ಕೆಲಸ ಒಂದು ಟಾಸ್ಕ್, ಅದನ್ನು ಓಡಿಸುವುದು ವರ್ಕರ್. ಸರಿ, ವರ್ಕರ್ ಜಾಸ್ತಿ ಮಾಡೋಣ ಅಂತ ಎರಡಿದ್ದ ವರ್ಕರ್‌ಗಳನ್ನು (ಕೆಲಸ ಹಂಚುವ ಸೆಲರಿ ಎಂಬ ಸಾಫ್ಟ್‌ವೇರ್‌ನವು) ಆರು ಮಾಡಿದೆ. ಒಂದೊಂದು ವರ್ಕರ್ ಒಂದೇ ಸಲಕ್ಕೆ 16 ಟಾಸ್ಕ್ ಹಿಡಿಯುತ್ತದೆ, ಅದು ಡೀಫಾಲ್ಟ್. ಆರಕ್ಕೆ 96 ಓಡಬೇಕು, ಅಲ್ವಾ? ಓಡಿದ್ದು ಬರೀ 16. ಐದು ವರ್ಕರ್‌ಗಳಷ್ಟು ಜಾಗ ಸುಮ್ನೆ ಖಾಲಿ.

ಉತ್ತರ ಕಣ್ಣೆದುರೇ ಇತ್ತು. ಕಾಯುತ್ತಿದ್ದ ಟಾಸ್ಕ್‌ಗಳ ಮೇಲೆ 'ಕ್ಯೂಡ್' ಅಂತ ಇರಲಿಲ್ಲ, 'ಶೆಡ್ಯೂಲ್ಡ್' ಅಂತ ಇತ್ತು. ಈ ಎರಡು ಪದಗಳ ವ್ಯತ್ಯಾಸ ದಯವಿಟ್ಟು ನೆನಪಿಟ್ಟುಕೊಳ್ಳಿ. ಕ್ಯೂಡ್ ಅಂದರೆ ವರ್ಕರ್‌ಗಾಗಿ ಕಾಯುತ್ತಿದೆ. ಶೆಡ್ಯೂಲ್ಡ್ ಅಂತಲೇ ನಿಂತಿದ್ದರೆ ಶೆಡ್ಯೂಲರ್ (ಯಾವ ಟಾಸ್ಕ್ ಯಾವಾಗ ಅಂತ ತೀರ್ಮಾನಿಸುವ ಭಾಗ) ಅದನ್ನು ಇನ್ನೂ ಕಳಿಸಿಯೇ ಇಲ್ಲ. ಅಲ್ಲಿ ಗೇಟುಗಳಿವೆ. ಒಂದು ಡ್ಯಾಗ್‌ಗೆ, ಅಂದರೆ ಟಾಸ್ಕ್‌ಗಳನ್ನೂ ಅವುಗಳ ಸರದಿಯನ್ನೂ ಬರೆದಿಟ್ಟ ಒಂದು ಯೋಜನೆಗೆ, 16 ಟಾಸ್ಕ್. ಒಂದು ಶೆಡ್ಯೂಲರ್‌ಗೆ 32. ಪೂಲ್ ಅಂದರೆ ಟಾಸ್ಕ್‌ಗಳು ಓಡಲು ಹಂಚಿಕೊಳ್ಳುವ ಜಾಗಗಳ, ಅಂದರೆ ಸ್ಲಾಟ್‌ಗಳ, ಗುಂಪು. ಡೀಫಾಲ್ಟ್ ಪೂಲ್‌ಗೆ 128 ಸ್ಲಾಟ್. ಯಾವ ಗೇಟು ಎಲ್ಲಕ್ಕಿಂತ ಕಿರಿದೋ ಅದು ಬಿಟ್ಟಷ್ಟೇ ಒಳಗೆ.

ಮೊದಲೆರಡನ್ನೂ ಅಗಲ ಮಾಡಿದೆ. ಆಗ ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಕೈಎತ್ತಿತು. ಡೀಫಾಲ್ಟ್‌ನಲ್ಲಿ ಅದು ಕೊಡುವುದು 100 ಕನೆಕ್ಷನ್, ನಮ್ಮ ಒಂದೊಂದು ಟಾಸ್ಕ್ ಎರಡೆರಡು ಹಿಡಿಯುತ್ತಿತ್ತು. ಡೇಟಾಬೇಸ್ ಮುಟ್ಟುವ ಟಾಸ್ಕ್‌ಗಳಿಗೆ 20 ಸ್ಲಾಟ್‌ನ ಬೇರೆ ಪೂಲ್ ಮಾಡಿದೆ. ಫೈಲ್ ಓದುವವು ಈಗ ಧಾರಾಳವಾಗಿ ಓಡುತ್ತವೆ, ತುಂಬುವವು ಸಾಲಿನಲ್ಲಿ ಬರುತ್ತವೆ. ನನಗೆ ಪೂಲ್ ತುಂಬಾ ಇಷ್ಟ. ಆಚೆ ಕಡೆ ಇರುವ ಸಿಸ್ಟಮ್‌ನ ತಾಕತ್ತನ್ನು ಬರೆದಿಡುವ ಜಾಗ ಅದು.

ಇನ್ನೊಂದು ತಲೆನೋವು ಫೈಲ್‌ಗಳ ಲೆಕ್ಕದ್ದು. ಒಂದು ದಿನ 40, ಇನ್ನೊಂದು ದಿನ 700. ಮೊದಲು ಡ್ಯಾಗ್‌ನ ಕೋಡ್ ಫೈಲ್‌ನ ಮೇಲ್ಭಾಗದಲ್ಲೇ ಬಕೆಟ್ (ಫೈಲ್‌ಗಳು ಬಂದು ಬೀಳುವ ಆನ್‌ಲೈನ್ ಸಂಗ್ರಹ) ಓದಿ, ಲೂಪ್ ಹಾಕಿ ಟಾಸ್ಕ್ ಹುಟ್ಟಿಸುತ್ತಿದ್ದೆ. ಆದರೆ ಏರ್‌ಫ್ಲೋ ಆ ಫೈಲ್ ಅನ್ನು ಸುಮಾರು 30 ಸೆಕೆಂಡಿಗೊಮ್ಮೆ ಓದುತ್ತಲೇ ಇರುತ್ತದೆ. ಅಂದರೆ ಹಗಲೂ ರಾತ್ರಿ ಬಕೆಟ್‌ಗೆ ಕರೆ ಹೋಗುತ್ತಿತ್ತು!

2022ರಲ್ಲಿ ಬಂದ 2.3 ಆವೃತ್ತಿಯ ಡೈನಾಮಿಕ್ ಟಾಸ್ಕ್ ಮ್ಯಾಪಿಂಗ್ ಇದಕ್ಕೇ ಇರುವುದು. ಒಂದು ಟಾಸ್ಕ್ ಫೈಲ್‌ಗಳ ಪಟ್ಟಿ ಕೊಡುತ್ತದೆ, ಮುಂದಿನದಕ್ಕೆ ಎಕ್ಸ್‌ಪಾಂಡ್ ಅಂತ ಹೇಳಿದರೆ ಸಾಕು. ಪಟ್ಟಿಯಲ್ಲಿ ಎಷ್ಟಿವೆಯೋ ಅಷ್ಟು ಟಾಸ್ಕ್ ಓಡುವಾಗಲೇ ಹುಟ್ಟುತ್ತವೆ.

ದೀಪಾವಳಿ ವಾರದಲ್ಲಿ ಫೈಲ್‌ಗಳು ಸಾವಿರ ದಾಟಿದವು. ಪಟ್ಟಿ ಕೊಡುವ ಟಾಸ್ಕೇ ಫೇಲ್. ಮ್ಯಾಪಿಂಗ್‌ನ ಡೀಫಾಲ್ಟ್ ಮಿತಿ 1024. ಮಿತಿಯನ್ನು ಏರಿಸಬಹುದಿತ್ತು, ಏರಿಸಲಿಲ್ಲ. ಒಂದೊಂದು ಟಾಸ್ಕೂ ಏರ್‌ಫ್ಲೋ ತನ್ನ ಲೆಕ್ಕ ಇಡುವ ಮೆಟಾಡೇಟಾ ಡೇಟಾಬೇಸ್‌ನಲ್ಲಿ ಒಂದು ಸಾಲು, ಶೆಡ್ಯೂಲರ್ ಅದನ್ನೆಲ್ಲ ನೋಡಿಕೊಳ್ಳಬೇಕು. ಚಿಕ್ಕ ಫೈಲ್‌ಗೆ ಟಾಸ್ಕ್ ಶುರುವಾಗುವ ಹೊತ್ತೇ ಕೆಲಸಕ್ಕಿಂತ ಜಾಸ್ತಿ. ಹಾಗಾಗಿ 20 ಫೈಲ್‌ಗೆ ಒಂದು ಗುಂಪು ಮಾಡಿದೆ. ಒಂದು ಫೈಲ್ ಕೆಟ್ಟರೆ ಆ ಇಪ್ಪತ್ತನ್ನೂ ಮತ್ತೆ ಓಡಿಸಬೇಕು. ಅದಕ್ಕೆ ಒಪ್ಪಿಕೊಂಡೆ.

ನೋಡಿ, ಇವತ್ತು 31 ಗುಂಪು. ಹದಿನೇಳನೆಯದು ಕೆಂಪಾಗಿದೆ, ಯಾರೋ ಅರ್ಧ ಫೈಲ್ ಕಳಿಸಿದ್ದರು, ಈಗ ಪೂರ್ತಿ ಬಂದಿದೆ. ಕ್ಲಿಯರ್ ಒತ್ತುತ್ತಿದ್ದೇನೆ. ಅದೊಂದೇ ಮತ್ತೆ ಶುರುವಾಯಿತು. ಉಳಿದ ಮೂವತ್ತೂ ಹಸಿರಾಗಿಯೇ ಇವೆ.