'ಲಾಗಿದೆ' ಅಂದವರು ಯಾರು?

(ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಕಲಾ ವಿಭಾಗದ ವಿದ್ಯಾರ್ಥಿ ವೇದಿಕೆ ಶುರುವಾದ ದಿನ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವವರ ಹೆಸರನ್ನು ಆಗಲೇ ಎರಡು ಸಲ ಹೇಳಿ ಆಗಿದೆ. ನಾನು ಮೂರನೇ ಸಲ ಹೇಳಲ್ಲ. ನನಗೆ ಕೊಟ್ಟಿದ್ದು 30 ನಿಮಿಷ. ಅದರಲ್ಲಿ 10 ನಿಮಿಷ ಮೈಕ್ ತಿಂದಿತು.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ಹೀಗಿದೆ: 'ಸಾಹಿತ್ಯ ಮತ್ತು ಮಾನವಿಕ ಓದಿನಿಂದ ಏನು ಪ್ರಯೋಜನ?' ಕೊನೆಗೊಂದು ಪ್ರಶ್ನೆ ಚಿಹ್ನೆ. ಎಂಜಿನಿಯರಿಂಗ್ ಕಾಲೇಜಿನ ಪತ್ರಿಕೆಯಲ್ಲಿ ಆ ಚಿಹ್ನೆ ಇರಲ್ಲ, ಗಮನಿಸಿದ್ದೀರಾ? ನಮ್ಮೂರಿನಲ್ಲಿ ಬಿ.ಎ. ಓದುತ್ತಿದ್ದೇನೆ ಅನ್ನುವಾಗ ಮಕ್ಕಳ ದನಿ ಸ್ವಲ್ಪ ತಗ್ಗುತ್ತದೆ. ಅದು ನಿಮಗೂ ಗೊತ್ತು, ನನಗೂ ಗೊತ್ತು.

ನಾನು 30 ವರ್ಷ ಕನ್ನಡ ಪಾಠ ಮಾಡಿದವನು. ಅಡ್ಮಿಷನ್ ಸಮಯದಲ್ಲಿ ಯಾರಾದರೊಬ್ಬ ಅಪ್ಪ ಬಂದೇ ಬರುತ್ತಿದ್ದರು. "ಮೇಷ್ಟ್ರೇ, ಇದನ್ನ ಓದಿದ್ರೆ ಮುಂದೇನು?" ಮೊದಮೊದಲು ದೊಡ್ಡ ಉತ್ತರ ಕೊಡುತ್ತಿದ್ದೆ. ಸಂಸ್ಕೃತಿ, ಮೌಲ್ಯ, ಸಂವೇದನೆ. ಅವರು ಪಾಪ ತಲೆ ಅಲ್ಲಾಡಿಸಿ ಮಗನನ್ನು ಬಿ.ಕಾಂ.ಗೆ ಸೇರಿಸುತ್ತಿದ್ದರು. ಸಾಹಿತ್ಯ ಓದಿದವರು ಒಳ್ಳೆಯವರಾಗುತ್ತಾರೆ ಅನ್ನುವ ಮಾತನ್ನಂತೂ ನಾನು ಬಿಟ್ಟೇಬಿಟ್ಟೆ. ಸಾಹಿತ್ಯ ಓದಿದವರ ಸ್ಟಾಫ್ ರೂಮಿನಲ್ಲೇ ಇಷ್ಟು ವರ್ಷ ಕೂತಿದ್ದೇನಲ್ಲ!

ಈಗ ನನ್ನ ಹತ್ತಿರ ಸಣ್ಣ ಉತ್ತರವಿದೆ. ಅದು ಸಿಕ್ಕಿದ್ದು ಒಂದು ಕಾಗದದಿಂದ.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮಂಡಕ್ಕಿ ಭಟ್ಟಿಯಲ್ಲಿ ಜೀವ ತೇಯ್ದವರು. ಈಗಲೂ ಮಾತಾಡುವಾಗ ನಡುನಡುವೆ ಕೆಮ್ಮುತ್ತಾರೆ. ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದ್ದರು. ಒಂದು ದಿನ ಕಾಗದ ಬಂತು. ಯಾವ ಕಚೇರಿ ಅನ್ನೋದು ಬೇಡ ಬಿಡಿ. ಅಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಬಿಚ್ಚಿದರೆ ಒಂದೇ ಸಾಲು: 'ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ದಾಖಲೆಗಳಲ್ಲಿ ವ್ಯತ್ಯಾಸ ಕಂಡುಬಂದ ಪ್ರಯುಕ್ತ ತಿರಸ್ಕರಿಸಲಾಗಿದೆ.' ಕೆಳಗೆ ಸಹಿ ಇತ್ತು, ಇಲ್ಲ ಅನ್ನಲ್ಲ. ಶಾಯಿಯಲ್ಲಿ ಬಿದ್ದ ಇರುವೆ ಕಾಗದದ ಮೇಲೆ ಓಡಿದ ಹಾಗಿತ್ತು.

ನಾನು ಎಂ.ಎ. ಮಾಡಿದವನು, ಓದಿ ಏನಂದೆ ಗೊತ್ತಾ? "ಆಗಲ್ಲವಂತೆ ಕಣಜ್ಜಿ." ಅಷ್ಟೇ. ಅಜ್ಜಿ ಎದ್ದು ಹೊರಟರು.

ಆ ಹೊತ್ತಿಗೆ ಪುಸ್ತಕ ವಾಪಸ್ ಕೊಡೋಕೆ ಒಬ್ಬ ಹುಡುಗಿ ಬಂದಿದ್ದಳು. ಕೊನೇ ವರ್ಷದ ಬಿ.ಎ., ನನ್ನ ಪಾಠ ಕೇಳಿದವಳು. ಕಾಗದ ಇಸ್ಕೊಂಡು ಓದಿದಳು. "ಸರ್, ಪರಿಶೀಲಿಸಿದ್ದು ಯಾರು? ಯಾವ ದಾಖಲೆಯಲ್ಲಿ ವ್ಯತ್ಯಾಸ? ಅದು ಕಂಡಿದ್ದು ಯಾರಿಗೆ?" ನನಗೆ ಕಪಾಳಕ್ಕೆ ಬಾರಿಸಿದ ಹಾಗಾಯ್ತು. ಕ್ರಿಯಾಪದ ಸಿಕ್ಕ ಕೂಡಲೇ ಕರ್ತೃ ಎಲ್ಲಿ ಅಂತ ಹುಡುಕ್ರಪ್ಪಾ ಅಂತ ಕ್ಲಾಸಿನಲ್ಲಿ ಬಡಕೊಂಡವನು ನಾನೇ. ಪದ್ಯಕ್ಕೆ ಹೇಳಿದ್ದೆ. ಅವಳು ಕಾಗದಕ್ಕೂ ಹಚ್ಚಿದಳು.

ಅಜ್ಜಿಯನ್ನು ಕರಕೊಂಡು ಹೋದಳು. ಮೊದಲ ದಿನ ಸಾಹೇಬರು ಮೀಟಿಂಗ್‌ನಲ್ಲಿದ್ದರು. ಎರಡನೇ ದಿನ ಸರ್ವರ್ ಇರಲಿಲ್ಲ. ಮೂರನೇ ದಿನ ಕೌಂಟರ್‌ನಲ್ಲಿ ಕೂತಿದ್ದ ಹುಡುಗ ಕಂಪ್ಯೂಟರ್ ತಿರುಗಿಸಿ ತೋರಿಸಿದ. ವ್ಯತ್ಯಾಸ ಏನು ಅಂದರೆ, ಆಧಾರ್‌ನಲ್ಲಿ ಅಜ್ಜಿ ಹೆಸರಿನ ಕೊನೆಗೆ 'ಅಮ್ಮ', ರೇಷನ್ ಕಾರ್ಡಿನಲ್ಲಿ 'ಅವ್ವ'!

ನೀವು ನಗುತ್ತೀರಿ. ಕಂಪ್ಯೂಟರ್ ನಗಲ್ಲ. ಅದಕ್ಕೆ ಇಬ್ಬರು ಹೆಂಗಸರು. ಹರಿಹರ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ಅವ್ವ, ಹಿರಿಯೂರು ದಾಟಿ ಬೆಂಗಳೂರಿನ ಕಡೆ ಹೋದರೆ ಅಮ್ಮ. ನಡುವೆ ಇರುವ ನಮ್ಮೂರಿನಲ್ಲಿ ಒಂದೇ ಮನೆಯಲ್ಲಿ ಎರಡೂ. ಮಗ ಅವ್ವ ಅಂತಾನೆ, ಸೊಸೆ ಅಮ್ಮ ಅಂತಾಳೆ, ಬರೆದುಕೊಳ್ಳೋಕೆ ಬಂದವರು ಯಾರು ಬಾಗಿಲು ತೆಗೆದರೋ ಅವರು ಹೇಳಿದ್ದನ್ನು ಬರೆದುಕೊಂಡು ಹೋಗುತ್ತಾರೆ. ಆ ಹುಡುಗಿ ಅಲ್ಲೇ ಕೂತು ಹೊಸ ಅರ್ಜಿ ಬರೆದಳು. ನಾನು ಆಮೇಲೆ ನೋಡಿದೆ. ಒಂದೇ ಒಂದು 'ಲಾಗಿದೆ' ಇಲ್ಲ. ಯಾರು ಯಾವಾಗ ಏನು ಮಾಡಿದರು, ಅಷ್ಟೇ. ಅಫಿಡವಿಟ್ಟು, ಓಡಾಟ ಎಲ್ಲ ಆಗಿ ಐದನೇ ತಿಂಗಳು ಅಜ್ಜಿಗೆ ದುಡ್ಡು ಬಂತು.

ಬಿ.ಎ. ಓದದವರು ಇದನ್ನು ಮಾಡೋಕಾಗಲ್ಲ ಅಂತ ನಾನು ಹೇಳುತ್ತಿಲ್ಲ. ಎಂ.ಎ. ಓದಿದ ನಾನೇ ಮಾಡಲಿಲ್ಲವಲ್ಲ. ಆದರೆ ಒಂದು ವಾಕ್ಯದ ಮುಂದೆ ನಿಂತು 'ಇಲ್ಲಿ ಮಾತಾಡುತ್ತಿರುವವರು ಯಾರು' ಅಂತ ಕೇಳುವ ಚಟ ತಾನಾಗಿ ಬರಲ್ಲ. ಕತೆ ಓದುವಾಗ, ಶಾಸನ ಓದುವಾಗ, ಚರಿತ್ರೆ ಓದುವಾಗ ನಾವು ಮಾಡಿಸುವುದು ಅದನ್ನೇ.

ಈ 'ಲಾಗಿದೆ' ನಮ್ಮ ಅಡುಗೆಮನೆಯ ಕನ್ನಡ ಅಲ್ಲ. ನಮ್ಮವ್ವ ಒಂದು ದಿನವಾದರೂ 'ಮುದ್ದೆ ತಿರುವಲಾಗಿದೆ, ಬರುವುದು' ಅಂದಿದ್ದು ನಾನು ಕೇಳಿಲ್ಲ. ಹಾಗಂತ ಮನೆಯವರೇನು ಕಮ್ಮಿ ಇಲ್ಲ. ಮಗು ಲೋಟ ಬೀಳಿಸಿದರೆ 'ಒಡೆದೆ' ಅನ್ನುತ್ತಾ? 'ಒಡೆದುಹೋಯ್ತು' ಅನ್ನುತ್ತೆ. ಲೋಟ ತಾನೇ ಕಷ್ಟಪಟ್ಟು ಒಡೆದುಕೊಂಡ ಹಾಗೆ.

ಈಗ ಬ್ರಹ್ಮಗಿರಿಗೆ ಬರೋಣ. ಚಳ್ಳಕೆರೆ ದಾಟಿ ಹೋಗಬೇಕು, ಮೊಳಕಾಲ್ಮುರು ತಾಲ್ಲೂಕು, ಸಿದ್ದಾಪುರದ ಹತ್ತಿರ. ಅಲ್ಲಿನ ಬಂಡೆ ಮೇಲೆ ಅಶೋಕನ ಶಾಸನವಿದೆ. ಕ್ರಿ.ಪೂ. 3ನೇ ಶತಮಾನದ್ದು. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಒಂದು ವರ್ಷ ಮಕ್ಕಳನ್ನು ಬಸ್ಸಿನಲ್ಲಿ ಕರಕೊಂಡು ಹೋಗಿದ್ದೆ. 'ಶಿಷ್ಯರು ಗುರುವನ್ನು ಗೌರವಿಸಬೇಕು' ಅನ್ನುವ ಮಾತು ಅದರಲ್ಲಿದೆ. ಅದನ್ನು ವಿವರಿಸುವಾಗ ಬೇಕಂತಲೇ ದನಿ ಏರಿಸಿದೆ. ಮಕ್ಕಳು ಅತ್ತ ಸೆಲ್ಫಿ ತೆಗೆಯುತ್ತಿದ್ದರು.

ಅದೊಂದು ಸರ್ಕಾರಿ ಕಾಗದ ಕಣ್ರೀ! ಓದಿ ನೋಡಿ. ಸುವರ್ಣಗಿರಿಯಲ್ಲಿರುವ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಹೇಳುವುದು, ಅಂತ ಶುರು. ಮಹಾಮಾತ್ರರು ಅಂದರೆ ಆ ಕಾಲದ ದೊಡ್ಡ ಅಧಿಕಾರಿಗಳು. ಯಾರಿಂದ ಯಾರಿಗೆ ಅನ್ನುವುದು ಮೊದಲ ಸಾಲಿನಲ್ಲೇ ಬಂತು. ಆಮೇಲೆ ಆರೋಗ್ಯ ವಿಚಾರಣೆ. ಆಮೇಲೆ ರಾಜನ ಮಾತು. ರಾಜ ಏನನ್ನುತ್ತಾನೆ? ನಾನು ಉಪಾಸಕನಾಗಿ, ಅಂದರೆ ಬುದ್ಧನ ದಾರಿ ಹಿಡಿದ ಗೃಹಸ್ಥನಾಗಿ, ಎರಡೂವರೆ ವರ್ಷದ ಮೇಲಾಯಿತು, ಆದರೆ ಒಂದು ವರ್ಷ ನಾನು ಅಷ್ಟಾಗಿ ಶ್ರಮ ಪಡಲಿಲ್ಲ ಅನ್ನುತ್ತಾನೆ. ನಾನು! ಅಷ್ಟು ದೊಡ್ಡ ಚಕ್ರವರ್ತಿ, 'ಅನಿವಾರ್ಯ ಕಾರಣಗಳಿಂದ ವಿಳಂಬವಾಗಿದೆ' ಅಂತ ಬರೆಸಲಿಲ್ಲ.

ಕೊನೆಗೆ ಬರೆದ ಗುಮಾಸ್ತನ ಹೆಸರೂ ಇದೆ. ಚಪಡ. 'ಲಿಪಿಕಾರ' ಅನ್ನುವ ಮಾತನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯಲಿಲ್ಲ, ಖರೋಷ್ಠಿಯಲ್ಲಿ ಬರೆದ. ಅದು ಬಲದಿಂದ ಎಡಕ್ಕೆ ಬರೆಯುವ ಲಿಪಿ. ವಾಯವ್ಯದಲ್ಲಿ, ಗಾಂಧಾರದ ಕಡೆ ನಡೆಯುತ್ತಿದ್ದದ್ದು. ಮೊಳಕಾಲ್ಮುರಿನ ಬಿಸಿಲಿನಲ್ಲಿ ಯಾರಿಗೆ ಓದೋಕೆ ಬರುತ್ತಿತ್ತು ಅದು? ಆ ಕಡೆಯವನೇ ಇರಬೇಕು, ಊರಿನ ನೆನಪಿಗೋ, ಸ್ವಲ್ಪ ಜಂಬಕ್ಕೋ ಬರೆದಿದ್ದಾನೆ ಅಂತ ನನ್ನ ಊಹೆ. ನಮ್ಮ ಹುಡುಗರು ಬೆಂಗಳೂರಿನ ಆಫೀಸಿನಲ್ಲಿ ಕೂತು ಮಗ್ಗಿನ ಮೇಲೆ ಕನ್ನಡ ಬರೆಸಿಕೊಳ್ಳುತ್ತಾರಲ್ಲ, ಹಾಗೆ. ನನಗೆ ಅಶೋಕನಿಗಿಂತ ಈ ಚಪಡನೇ ಜಾಸ್ತಿ ಇಷ್ಟ.

ಎಂಜಿನಿಯರ್‌ಗಳು ಬೇಜಾರು ಮಾಡಿಕೊಳ್ಳಬಾರದು, ನಿಮಗೂ ಒಂದಿದೆ. ಬ್ರಹ್ಮಗಿರಿಯಲ್ಲಿ ರಾಜನ ಹೆಸರಿಲ್ಲ, 'ದೇವಾನಾಂಪಿಯ', ದೇವರಿಗೆ ಪ್ರಿಯನಾದವನು, ಅಂತಷ್ಟೇ ಇದೆ. ಅದು ಅಶೋಕ ಅಂತ ವಿದ್ವಾಂಸರು ಸಿಂಹಳದ ಗ್ರಂಥಗಳನ್ನು ಹೋಲಿಸಿ ಹೇಳಿದ್ದರು. ಗಟ್ಟಿ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ. ಅಲ್ಲಿ ಅಶೋಕ ಅಂತ ಹೆಸರೇ ಇದೆ. ಆ ಬಂಡೆ ಕಂಡವರು ಬೀಡನ್ ಅನ್ನುವ ಗಣಿ ಎಂಜಿನಿಯರ್, ಚಿನ್ನ ಹುಡುಕೋಕೆ ಹೋಗಿದ್ದವರು. ಕಲ್ಲಿನ ಮೇಲೆ ಗೀಚಿದ್ದು ಕಂಡಾಗ 'ನಮ್ಮ ಸಬ್ಜೆಕ್ಟ್ ಅಲ್ಲ' ಅಂತ ಮುಂದೆ ಹೋಗಲಿಲ್ಲ ಪುಣ್ಯಾತ್ಮ.

ಚೀಟಿ ಬಂತು. ಓದಲಾ? 'ಸಮಯವಾಗಿದೆ. ಊಟಕ್ಕೆ ವ್ಯವಸ್ಥೆ ಮಾಡಲಾಗಿದೆ.' ನೋಡಿದ್ರಾ! ಕೆಳಗೆ ಹೆಸರಿಲ್ಲ. ಚಪಡನಾದರೂ ಹೆಸರು ಹಾಕಿದ್ದ.

ಇನ್ನೂ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ. ಬೇಗ ಹೇಳಿಬಿಡುತ್ತೇನೆ. ದುರ್ಗದ ಓಬವ್ವನ ಕತೆ ನಿಮಗೆಲ್ಲ ಬಾಯಿಪಾಠ. ಗಂಡ ಊಟಕ್ಕೆ ಕೂತಿದ್ದ ಅಂತ ಎಲ್ಲರೂ ಹೇಳುತ್ತೇವೆ. ಅವಳು ಊಟ ಮಾಡಿದ್ದಳಾ ಅಂತ ಯಾರೂ ಕೇಳಿಲ್ಲ. ಇದು ಒಂದು ಇಡೀ ಉಪನ್ಯಾಸದ ವಿಷಯ, ಇನ್ನೊಮ್ಮೆ ಕರೆಯಿರಿ. ಚಳ್ಳಕೆರೆ ಕಡೆಯ ಜನಪದ ಗಾಯಕಿ ಸಿರಿಯಜ್ಜಿ ಅಕ್ಷರ ಕಲಿಯದೆಯೇ ರಾಶಿ ರಾಶಿ ಪದಗಳನ್ನು ಬಾಯಲ್ಲಿಟ್ಟುಕೊಂಡಿದ್ದರು. ಹಾಗಾಗಿ ಸಾಹಿತ್ಯ ಅಂದರೆ ಕಾಲೇಜಿನ ಸೊತ್ತು ಅಂದುಕೊಂಡು ಬೀಗಬೇಡಿ. ಮೂರನೆಯದು, ಈಗ ಕಾಗದವನ್ನೂ ಕಂಪ್ಯೂಟರೇ ಬರೆಯುತ್ತಿದೆ. 'ಲಾಗಿದೆ' ಇನ್ನೂ ಜಾಸ್ತಿ ಆಗುತ್ತೆ, ನೋಡ್ತಿರಿ. ನಾಲ್ಕನೆಯದು ಬಿಟ್ಟೆ, ಸಾಂಬಾರ್ ವಾಸನೆ ಬರ್ತಿದೆ.

ಆ ಹುಡುಗಿ ಏನಾದಳು ಅಂತ ಕೇಳ್ತೀರಿ. ಡಿಗ್ರಿ ಮುಗಿದಿದೆ, ಕೆಲಸ ಇನ್ನೂ ಸಿಕ್ಕಿಲ್ಲ. ಇದನ್ನು ನಾನು ಮುಚ್ಚಿಡಲ್ಲ, ಆ ಅಪ್ಪಂದಿರ ಪ್ರಶ್ನೆ ಸುಳ್ಳಲ್ಲ. ಎಸ್‌ಡಿಎ, ಅಂದರೆ ಸರ್ಕಾರಿ ಗುಮಾಸ್ತರ ಕೆಲಸದ ಪರೀಕ್ಷೆಗೆ ಓದುತ್ತಿದ್ದಾಳೆ. ಹೋದ ವಾರ ಸಿಕ್ಕಿದ್ದಳು. "ಅಲ್ಲಮ್ಮಾ, ಆ ಕುರ್ಚಿಯಲ್ಲಿ ಕೂತ ಮೇಲೆ ನೀನೂ 'ತಿರಸ್ಕರಿಸಲಾಗಿದೆ' ಅಂತಾನೇ ಬರೀತೀಯಾ?" ಅಂದೆ.

"ಸರ್, ಮೊದ್ಲು ಪಾಸಾಗ್ಲಿ ಸುಮ್ನಿರಿ" ಅಂದಳು.

ಏಳಿ, ಊಟ ಆರುತ್ತೆ.