ಶಾಪ ತಲೆಗೆ, ಕಾಲಿಗಲ್ಲ

ನಮಸ್ಕಾರ. ಇವತ್ತು ಅರ್ಜುನನ ಪಂಚಾಯಿತಿ. ಬಿಲ್ಲುಗಾರ ಅರ್ಜುನ ಅಲ್ಲ, ಅಪ್ಪ ಅರ್ಜುನ.

ಬಭ್ರುವಾಹನ ಅಂದ್ರೆ ಮಣಿಪುರದ ಚಿತ್ರಾಂಗದೆಗೆ ಹುಟ್ಟಿದ ಅರ್ಜುನನ ಮಗ. ಅಶ್ವಮೇಧದ ಕುದುರೆ ಕಟ್ಟಿ, ಅದು ಅಪ್ಪಂದು ಅಂತ ಗೊತ್ತಾಗಿ ಕಾಲಿಗೆ ಬಿದ್ದ ಅವನನ್ನ ಅರ್ಜುನ ಒದೀತಾನೆ, ಆಮೇಲಿನ ಯುದ್ಧದಲ್ಲಿ ಮಗನ ಬಾಣಕ್ಕೆ ಅರ್ಜುನನ ತಲೆ ಉರುಳುತ್ತೆ. ಈ ಕಥೆಯನ್ನ ಫೋನಲ್ಲಿ ಮೇಲಿಂದ ಕೆಳಕ್ಕೆ ಸರಿಸಿ ಓದೋ ವೆಬ್‌ಕಾಮಿಕ್ ಮಾಡಿ ನೋಡಿ. ನಾಗಲೋಕ ಇದೆ, ಸತ್ತವರನ್ನ ಎಬ್ಬಿಸೋ ಮಣಿ ಇದೆ, ಬೆಂಕಿಗೆ ಬಿದ್ದು ಬಾಣವಾಗೋ ಹೆಂಗಸಿದ್ದಾಳೆ. ಫ್ಯಾಂಟಸಿಗೆ ಇನ್ನೇನು ಬೇಕು? ಆದ್ರೆ ಓದುಗರು ಜಗಳಕ್ಕೆ ನಿಲ್ಲೋದು ಇದ್ಯಾವುದಕ್ಕೂ ಅಲ್ಲ, ಆ ಒಂದು ಒದೆತಕ್ಕೆ. 'ಇವನೂ ಒಬ್ಬ ಅಪ್ಪನಾ?' ಅಂತ ಒಂದು ಗುಂಪು. 'ಗಂಗೆಯ ಶಾಪ ಇತ್ತಲ್ಲ, ಪಾಪ ಅವನೇನು ಮಾಡ್ತಾನೆ' ಅಂತ ಇನ್ನೊಂದು. ನನ್ನ ಮಾತು ಮೊದಲೇ ಹೇಳಿಬಿಡ್ತೀನಿ: ಶಾಪ ಇದ್ದದ್ದು ತಲೆ ಉರುಳೋದಕ್ಕೆ. ಕಾಲು ಎತ್ತಿದ್ದು ಅವನೇ.

ವಾದ ಮಾಡೋಕೆ ಮುಂಚೆ ಯಾವ ಅರ್ಜುನ ಅಂತ ಗೊತ್ತುಮಾಡ್ಕೊಳ್ಳಿ. ಇಬ್ಬರಿದ್ದಾರೆ. ವ್ಯಾಸಭಾರತದ ಅಶ್ವಮೇಧಿಕ ಪರ್ವದಲ್ಲಿ ಮಗ ಕಾಣಿಕೆ ಹಿಡಿದು ಎದುರು ಬಂದಾಗ ಅರ್ಜುನ ಬೈತಾನೆ, ಒದೆಯಲ್ಲ. ನಾನು ಆಯುಧ ಕೆಳಗಿಟ್ಟು ಬಂದಿದ್ರೆ ಈ ಮರ್ಯಾದೆ ಸರಿ, ಯುದ್ಧಕ್ಕೆ ಬಂದವನಿಗೆ ಇದೇನು ಅಂತ. ಕ್ಷತ್ರಿಯ ಧರ್ಮದ ಬೈಗುಳ ಅದು. ಆಮೇಲೆ ಅರ್ಜುನನ ಇನ್ನೊಬ್ಬ ಹೆಂಡತಿ, ನಾಗಕನ್ಯೆ ಉಲೂಪಿ ಬಂದು ಮಗನನ್ನ ಯುದ್ಧಕ್ಕೆ ಎಬ್ಬಿಸ್ತಾಳೆ, ಎದೆಗೆ ಬಾಣ ಬಿದ್ದು ಅರ್ಜುನ ಬೀಳ್ತಾನೆ, ಅವಳ ಮಣಿಯಿಂದಲೇ ಏಳ್ತಾನೆ. ಎದ್ದವನು ಮಗನನ್ನ ತಬ್ಬಿ ನೆತ್ತಿ ಮೂಸ್ತಾನೆ.

ನಮ್ಮ ಕಡೆ ಜನಕ್ಕೆ ಬಾಯಿಪಾಠ ಇರೋದು ಇನ್ನೊಬ್ಬ ಅರ್ಜುನ. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತದವನು. ಕಾಲಿಗೆ ಬಿದ್ದ ಮಗನನ್ನ ಒದ್ದು, ನೀನು ನನಗೆ ಹುಟ್ಟಿದವನೇ ಅಲ್ಲ ಅಂತ ಹೀಯಾಳಿಸಿ, ಮಗ ಅಂದ್ರೆ ಅಭಿಮನ್ಯು ಅನ್ನೋನು. ಅಭಿಮಾನಿಗಳು ಎಡವೋದು ಇಲ್ಲೇ. ಅಪರಾಧ ಲಕ್ಷ್ಮೀಶನದ್ದು ತಗೋತಾರೆ, ಸಮರ್ಥನೆ ವ್ಯಾಸರಿಂದ ತರ್ತಾರೆ. 'ಕ್ಷತ್ರಿಯ ಧರ್ಮ ಕಲಿಸಿದ' ಅನ್ನೋದು ಬೈದ ಅರ್ಜುನನಿಗೆ ಸಲ್ಲುತ್ತೆ, ಒದ್ದವನಿಗಲ್ಲ. ಹುಟ್ಟಿನ ಬಗ್ಗೆ ಆಡೋ ಮಾತಲ್ಲಿ ಯಾವ ಧರ್ಮದ ಪಾಠ ಇದೆ, ಸ್ವಾಮಿ?

ಇನ್ನು ಶಾಪದ ವಿಷಯ. ಜೈಮಿನಿಯಲ್ಲಿ ಅರ್ಜುನನಿಗೆ ಸೋತ ರಾಜ ನೀಲಧ್ವಜನ ಹೆಂಡತಿ ಜ್ವಾಲೆ ಗಂಗೆಯ ಹತ್ತಿರ ಹೋಗಿ ಭೀಷ್ಮನ ಸಾವನ್ನ ನೆನಪಿಸಿ ಕೆಣಕ್ತಾಳೆ. ಆರು ತಿಂಗಳೊಳಗೆ ಅರ್ಜುನನ ತಲೆ ಬೀಳಲಿ ಅಂತ ಗಂಗೆ ಶಪಿಸ್ತಾಳೆ. ಜ್ವಾಲೆ ಬೆಂಕಿಗೆ ಬಿದ್ದು ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರ್ತಾಳೆ. ಮಗನನ್ನ ಒದಿ ಅಂತ ಅದರಲ್ಲಿ ಎಲ್ಲಿದೆ? ಈ ಶಾಪಕ್ಕೂ ಮಣಿಪುರಕ್ಕೂ ಮಧ್ಯೆ ಕವಿ ಎಷ್ಟು ಕಥೆ ಹಾಕಿದ್ದಾನೆ ನೋಡಿ: ಕಲ್ಲಾದ ಚಂಡಿ, ಕಾದ ಎಣ್ಣೆಗೆ ಇಳಿದ ಸುಧನ್ವ, ಪ್ರಮೀಳೆಯ ಸ್ತ್ರೀರಾಜ್ಯ, ರಾಕ್ಷಸ ಭೀಷಣ. ಅಷ್ಟು ದಾರಿ ನಡೆದು ಬಂದ ಕೇಳುಗನಿಗೆ ಶಾಪ ಮಸುಕಾಗಿರುತ್ತೆ, ಒದೆತ ನೇರವಾಗಿ ಎದೆಗೆ ತಾಗುತ್ತೆ.

ಕಾಮಿಕ್ ಮಾಡೋರು ಇದನ್ನ ಕೆಡಿಸೋ ರೀತಿ ಹೀಗೆ. ಕಂತು ಉದ್ದ ಆಯ್ತು ಅಂತ ಆ ನಾಲ್ಕು ಕಥೆ ಕತ್ತರಿಸಿ, ಶಾಪವನ್ನ ಫ್ಲ್ಯಾಶ್‌ಬ್ಯಾಕ್ ಮಾಡಿ ಒದೆತದ ಮೇಲಿನ ಪ್ಯಾನೆಲ್ಲಿಗೆ ತಂದು ಕೂರಿಸೋದು. 800 ಪಿಕ್ಸೆಲ್ ಅಗಲಕ್ಕೆ ಬರೆದ್ರೆ, ಎತ್ತರ-ಅಗಲ 20:9 ಇರೋ ಫೋನಲ್ಲಿ ಒಂದು ಪರದೆಗೆ ಸುಮಾರು 1,780 ಪಿಕ್ಸೆಲ್ ಎತ್ತರ ಕಾಣುತ್ತೆ. ಆ ಒಂದೇ ಪರದೆಯಲ್ಲಿ ಗಂಗೆಯ ಬಾಯಿ, ಅದರ ಕೆಳಗೆ ಅರ್ಜುನನ ಕಾಲು ಬಂತೋ, ಮುಗೀತು: ಮೇಲಿನದು ಕಾರಣ, ಕೆಳಗಿನದು ಪರಿಣಾಮ ಅಂತ ಕಣ್ಣೇ ತೀರ್ಮಾನ ಮಾಡಿಬಿಡುತ್ತೆ. ಎರಡಕ್ಕೂ ಒಂದೇ ನೀಲಿ ಬಣ್ಣ ಹಾಕಿದ್ರಂತೂ ಅರ್ಜುನ ಖುಲಾಸೆ. ಹಳೇಬೀಡಿನ ದೇವಸ್ಥಾನದ ಗೋಡೆಯಲ್ಲಿ ಈ ಕಷ್ಟ ಇಲ್ಲ. ಆನೆ, ಸಿಂಹ, ಕುದುರೆ ಸವಾರರ ಮೇಲಿನ ಕಥೆಯ ಪಟ್ಟಿಕೆಯಲ್ಲಿ ಮುಂದಿನ ಚಿತ್ರಕ್ಕೆ ನೀವೇ ಹೆಜ್ಜೆ ಹಾಕಬೇಕು. ಫೋನಲ್ಲಿ ಆ ಹೆಜ್ಜೆಯನ್ನ ಖಾಲಿ ಜಾಗದಿಂದ ಮಾಡ್ಬೇಕು. ಶಾಪ ಬೇರೆ ಕಂತಲ್ಲಿರಲಿ. ಮಗ ಬಾಗಿದ ಪ್ಯಾನೆಲ್ಲಿಗೂ ಒದೆತಕ್ಕೂ ಮಧ್ಯೆ ಕನಿಷ್ಠ ಒಂದು ಪರದೆ ಖಾಲಿ ಬಿಡಿ. ಆ ಬಿಡುವಲ್ಲಿ ಅರ್ಜುನ ಯೋಚಿಸಬಹುದಿತ್ತು ಅನ್ನೋದು ಓದುಗನಿಗೆ ತಾನಾಗೇ ಹೊಳೆಯುತ್ತೆ.

ಲಕ್ಷ್ಮೀಶನ ಷಟ್ಪದಿಯನ್ನೇ ಮಾತಿನ ಬಲೂನಿಗೆ ತುಂಬೋರಿಗೆ ಒಂದು ಮಾತು. ಅವನು ಬರೆದ ವಾರ್ಧಕ ಷಟ್ಪದಿಯಲ್ಲಿ ಸಾಲಿಗೆ 20, 20, 32 ಮಾತ್ರೆ, ಮತ್ತೆ ಹಾಗೇ ಇನ್ನೊಂದು ಸಲ. ಆರೂ ಸಾಲು ಒಂದೇ ಬಲೂನಲ್ಲಿ ಹಿಡಿಯಲ್ಲ, ಮೂರನೇ ಸಾಲು ಮುಗಿದ ಮೇಲೆ ಒಡೆಯಿರಿ. ಸಾಲಿನ ಅಂತರ ಅಕ್ಷರದ ಎತ್ತರದ ಒಂದೂವರೆ ಪಟ್ಟಾದ್ರೂ ಇರಲಿ, ಇಲ್ಲಾಂದ್ರೆ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತೆ.

ಅರ್ಜುನನನ್ನ ಬೈಯೋರ ಪಾಳೆಯದಲ್ಲೂ ಒಂದು ತಪ್ಪಿದೆ. 'ಹೆಂಡತಿ ಮಗನನ್ನ ಬಿಟ್ಟು ಓಡಿಹೋದ' ಅಂತಾರೆ. ಇಲ್ಲ. ಚಿತ್ರಾಂಗದೆಗೆ ಹುಟ್ಟೋ ಮಗ ತನ್ನ ವಂಶಕ್ಕೇ ಸೇರ್ಬೇಕು ಅಂತ ಅವಳ ಅಪ್ಪ ಚಿತ್ರವಾಹನ ಮದುವೆಗೇ ಷರತ್ತು ಹಾಕಿದ್ದ. ಅರ್ಜುನ ಒಪ್ಪಿ ಮೂರು ವರ್ಷ ಅಲ್ಲಿದ್ದ ಅನ್ನುತ್ತೆ ಆದಿಪರ್ವ. ಮಗ ಅಲ್ಲೇ ಬೆಳೆದದ್ದು ಕರಾರಿನಂತೆ, ಅದನ್ನ ಪರಾರಿ ಅನ್ನೋಕೆ ಆಗಲ್ಲ. ಆದ್ರೆ ಈ ಅಂಶ ಅವನನ್ನ ಉಳಿಸಲ್ಲ, ಇನ್ನೂ ಸಿಕ್ಕಿಸುತ್ತೆ. ಇವನು ಯಾರ ಮಗ ಅನ್ನೋದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

1977ರ 'ಬಭ್ರುವಾಹನ' ಸಿನಿಮಾದಲ್ಲಿ ಅಪ್ಪ ಮಗ ಎರಡೂ ರಾಜ್‌ಕುಮಾರ್ ಅವರೇ. ಚಿತ್ರ ಬರೆಯೋರು ಹಿಡೀಬೇಕಾದ ದಾರಿ ಇದು. ಇಬ್ಬರ ಮೂಗು, ಹುಬ್ಬು ಒಂದೇ ಅಚ್ಚಲ್ಲಿ ಬರೆಯಿರಿ, 'ನನ್ನ ಮಗ ಅಲ್ಲ' ಅನ್ನೋ ಬಲೂನಿಗೆ ಚಿತ್ರವೇ ಉತ್ತರ ಕೊಡುತ್ತೆ.

ಅಭಿಮನ್ಯು ಸತ್ತ ದುಃಖ ಅನ್ನೋ ವಾದ ಒಂದಿದೆ. ತೂಕದ್ದು, ಒಪ್ತೀನಿ. ದುಃಖದಲ್ಲಿ ಮಾತು ತಪ್ಪುತ್ತೆ. ಆದ್ರೂ ಕವಿ ಈ ಕಾಳಗದ ನಡುವೆಯೇ ಕುಶಲವರ ಕಥೆ ತಂದು, ಹೆಂಡತಿಯನ್ನ ಕಾಡಿಗೆ ಬಿಟ್ಟು ಮಕ್ಕಳ ಎದುರು ಯುದ್ಧಕ್ಕೆ ನಿಂತ ಇನ್ನೊಬ್ಬ ಅಪ್ಪನನ್ನ ತೋರಿಸ್ತಾನೆ, ಅವನು ರಾಮ! ಅದನ್ನ 'ಕಥೆ ನಿಂತುಹೋಗುತ್ತೆ' ಅಂತ ಕತ್ತರಿಸೋರು ಕವಿಯ ಅರ್ಧ ವಾದವನ್ನೇ ಕತ್ತರಿಸಿದ ಹಾಗೆ.

ಇಷ್ಟೆಲ್ಲ ಅಪ್ಪ ಮಗನ ಲೆಕ್ಕ. ಆ ಬೈಗುಳ ನಿಜವಾಗಿ ಬಿದ್ದದ್ದು ಯಾರ ಮೇಲೆ? ಚಿತ್ರಾಂಗದೆಯ ಮೇಲೆ. ಕುದುರೆ ಕಟ್ಟಿದ ಮಗನಿಗೆ 'ಅದು ನಿಮ್ಮಪ್ಪಂದು, ಹೋಗಿ ಕಾಲಿಗೆ ಬೀಳು' ಅಂತ ಕಳಿಸಿದ್ದೂ ಅವಳೇ. ಆ ಮಾತು ಅವಳ ಕಿವಿಗೆ ಬಿದ್ದಾಗ ಅವಳ ಮುಖ ಹೇಗಿದ್ದಿರಬಹುದು? ಮುಂದಿನ ಸಲ ಈ ಕಂತು ಬರೆಯೋರು ಒದೆತದ ಪ್ಯಾನೆಲ್ಲನ್ನ ಚಿಕ್ಕದು ಮಾಡಿ, ಆ ಮುಖಕ್ಕೆ ಪೂರ್ತಿ 800 ಅಗಲ ಕೊಡಿ. ಬಲೂನು ಬೇಡ.